ಮೀಟರಲ್ಲಿ 100, ನೋಟಿಸಲ್ಲಿ 112: ಸ್ಪೀಡ್ ಕ್ಯಾಮೆರಾ ನಂಬಬಹುದಾ?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನಿಮ್ಮ ಕಾರಿನ ಮೀಟರ್ 100 ದಾಟಿರಲಿಲ್ಲ, ಆದರೂ 112 ಅಂತ ನೋಟಿಸ್ ಬಂದಿದೆ, ಕ್ಯಾಮೆರಾ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಸುಮ್ನೆ ದಂಡ ಕಟ್ಟಿಬಿಡಬೇಡಿ. ಹಾಗಂತ ಈಗಲೇ ಕ್ಯಾಮೆರಾಗೆ ಬೈಯಲೂ ಬೇಡಿ. ಮೊದಲು ನೋಟಿಸಿನ ಜೊತೆ ಇರುವ ಕ್ಯಾಮೆರಾದ ಫೋಟೋ ತೆರೆದು ನೋಡಿ. ಸರ್ಕಾರದ ಇ-ಚಲನ್ ಸೈಟಿಗೆ ನೀವೇ ಹೋಗಿ ನೋಡಿ, ವಾಟ್ಸಾಪಲ್ಲಿ ಚಲನ್ ಅಂತ ಯಾರೋ ಕಳಿಸುವ ಎಪಿಕೆ ಫೈಲ್ (ಒತ್ತಿದರೆ ಮೊಬೈಲಿಗೆ ಆ್ಯಪ್ ಹಾಕಿಬಿಡುವ ಫೈಲ್) ಮಾತ್ರ ಒತ್ತಬೇಡಿ, ಬ್ಯಾಂಕ್ ಖಾತೆ ಖಾಲಿಯಾಗುತ್ತದೆ.

ಫೋಟೋ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಎರಡು ವರ್ಷದ ಹಿಂದೆ ನನಗೂ ಇಂಥದ್ದೇ ಒಂದು ನೋಟಿಸ್ ಬಂದಿತ್ತು. ಆ ದಿನ ನನ್ನ ಕಾರು ತುಮಕೂರಿನ ಮನೆ ಮುಂದೆ ಕವರ್ ಹೊದ್ದುಕೊಂಡು ನಿಂತಿತ್ತು, ಬ್ಯಾಟರಿ ಇಳಿದು ಸ್ಟಾರ್ಟ್ ಕೂಡ ಆಗುತ್ತಿರಲಿಲ್ಲ. ಸಿಟ್ಟಿನಲ್ಲಿ ಫೋಟೋ ತೆರೆದರೆ ಅದರಲ್ಲಿ ಇದ್ದದ್ದು ಯಾರದೋ ಗೂಡ್ಸ್ ಗಾಡಿ. ಅದರ ನಂಬರ್ ಪ್ಲೇಟಿನಲ್ಲಿ 3ರ ಎಡಕ್ಕೆ ಒಂದು ಬೋಲ್ಟ್, ಅದರ ಸುತ್ತ ಕೆಸರು. ಕಂಪ್ಯೂಟರ್ ಅದನ್ನು 8 ಅಂತ ಓದಿಕೊಂಡು ನನ್ನ ಮನೆಗೆ ನೋಟಿಸ್ ಕಳಿಸಿತ್ತು. ಠಾಣೆಗೆ ಮೊದಲ ಸಲ ಹೋದಾಗ "ಸಾವಿರ ರೂಪಾಯಿಗೆ ಯಾಕೆ ಸಾರ್ ಓಡಾಡ್ತೀರಾ, ಕಟ್ಟಿಬಿಡಿ" ಅಂದರು. ಎರಡನೇ ಸಲ ಫೋಟೋ ದೊಡ್ಡದು ಮಾಡಿ ಪ್ರಿಂಟ್ ತೆಗೆದುಕೊಂಡು ಹೋದೆ, ಐದೇ ನಿಮಿಷದಲ್ಲಿ ರದ್ದಾಯಿತು. ನೋಡಿ, ಅಲ್ಲಿ ಸ್ಪೀಡ್ ಅಳೆದದ್ದು ಸರಿಯಾಗಿಯೇ ಇದ್ದಿರಬೇಕು. ತಪ್ಪಿದ್ದು ನಂಬರ್ ಓದುವಾಗ.

ಸ್ಪೀಡ್ ಅಳೆಯುವ ಕೆಲಸ ನಿಜಕ್ಕೂ ಅಷ್ಟೇನೂ ಕಷ್ಟದ್ದಲ್ಲ. ರೈಲು ಹತ್ತಿರ ಬರುವಾಗ ಹಾರ್ನ್ ಕೀರಲಾಗಿ, ದಾಟಿ ಹೋದ ಮೇಲೆ ದಪ್ಪವಾಗಿ ಕೇಳುತ್ತದಲ್ವಾ, ಸ್ಪೀಡ್ ಕ್ಯಾಮೆರಾದ ರಾಡಾರ್ ಮಾಡುವುದೂ ಅದೇ ಲೆಕ್ಕ. ಅಲೆ ಬಿಡುತ್ತದೆ, ನಿಮ್ಮ ಕಾರಿಗೆ ಬಡಿದು ವಾಪಸ್ ಬಂದದ್ದರ ಕಂಪನ ಎಷ್ಟು ಬದಲಾಯಿತು ಅಂತ ನೋಡುತ್ತದೆ. 24 ಗಿಗಾಹರ್ಟ್ಸ್ ಕಂಪನದ ಅಲೆ ಬಿಡುವ ರಾಡಾರ್‌ಗೆ 100 ಕಿಮೀ ಸ್ಪೀಡಿನಲ್ಲಿ ಬರುವ ಗಾಡಿ ಕೊಡುವ ವ್ಯತ್ಯಾಸ ಸೆಕೆಂಡಿಗೆ ಸುಮಾರು 4,400 ಕಂಪನ. ಇಷ್ಟು ದೊಡ್ಡ ವ್ಯತ್ಯಾಸವನ್ನು ಎಣಿಸುವುದರಲ್ಲಿ 12 ಕಿಮೀ ತಪ್ಪುವುದು ಕಷ್ಟ. ಇನ್ನೊಂದು ಮಜಾ ಏನಂದರೆ, ರಾಡಾರ್ ನೇರ ಎದುರಿಗಿರದೆ ಓರೆಯಾಗಿ ನೋಡಿದರೆ ಸ್ಪೀಡ್ ಕಮ್ಮಿಯೇ ಕಾಣುತ್ತದೆ. 20 ಡಿಗ್ರಿ ಓರೆಯಿದ್ದರೆ 100 ಹೋಗುತ್ತಿರುವ ಕಾರು 94 ಅಂತ ಕಾಣುತ್ತದೆ, ಅಂದರೆ ಲಾಭ ನಿಮಗೇ. ಕ್ಯಾಮೆರಾ ಕೂರಿಸುವವರು ಈ ಓರೆಯ ಲೆಕ್ಕವನ್ನು ಯಂತ್ರದೊಳಗೆ ಹಾಕಿ ಸರಿದೂಗಿಸುತ್ತಾರೆ. ಅವರು ಹಾಕಿದ ಕೋನ ತಪ್ಪಿದ್ದರೆ, ಇಲ್ಲವೇ ಲಾರಿ ತಾಗಿ ಕಂಬ ಅಲುಗಿದ್ದರೆ ಆಗ ನಿಮಗೆ ಹೊಡೆತ ಬೀಳಬಹುದು. ಆದರೆ ಹಾಗಾದರೆ ಆ ಕಂಬದ ಕೆಳಗೆ ಹೋದ ಇನ್ನೆಷ್ಟೋ ಜನರಿಗೂ ನೋಟಿಸ್ ಬರುತ್ತದೆ, ನಿಮ್ಮೊಬ್ಬರಿಗೇ ಅಲ್ಲ.

ಬೇರೆ ಗಾಡಿಯ ಸ್ಪೀಡ್ ನಿಮ್ಮ ತಲೆಗೆ ಬರುವುದು ಇನ್ನೊಂದು ಸಾಧ್ಯತೆ. ಪಕ್ಕದಲ್ಲಿ ದೊಡ್ಡ ಬಸ್ಸು ನಿಮ್ಮನ್ನು ಓವರ್‌ಟೇಕ್ ಮಾಡುತ್ತಿದ್ದರೆ, ಪೊಲೀಸರು ಕೈಯಲ್ಲಿ ಹಿಡಿಯುವ ಹಳೇ ರಾಡಾರ್ ಗನ್ನಿಗೆ ಯಾವುದರಿಂದ ಅಲೆ ವಾಪಸ್ ಬಂತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಫೋಟೋದಲ್ಲಿ ನಿಮ್ಮ ಕಾರು ಒಂದೇ ಇದೆಯಾ, ಪಕ್ಕದ ಲೇನಲ್ಲಿ ಇನ್ನೇನಾದರೂ ಇದೆಯಾ ನೋಡಿ.

ಜಗತ್ತಿನಲ್ಲಿ ಕ್ಯಾಮೆರಾ ಎಡವಿದ ದೊಡ್ಡ ಉದಾಹರಣೆಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2003ರಲ್ಲಿ ಒಂದು ಹಳೇ ಡಾಟ್ಸನ್ 120ವೈ ಕಾರು 158 ಕಿಮೀ ಹೋಯಿತು ಅಂತ ಕ್ಯಾಮೆರಾ ಹೇಳಿತು. ಆ ಡಬ್ಬ ಕಾರಿಗೆ ಅಷ್ಟು ಸ್ಪೀಡ್ ಹೋಗುವ ಶಕ್ತಿಯೇ ಇರಲಿಲ್ಲ. ಕೊನೆಗೆ ಸರ್ಕಾರ ಸಾವಿರಾರು ಜನರ ದಂಡ ರದ್ದು ಮಾಡಿ ದುಡ್ಡು ವಾಪಸ್ ಕೊಡಬೇಕಾಯಿತು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇನ್ನೂ ತಮಾಷೆ: ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಗಂಟೆಗೆ 38 ಮೈಲಿ ಅಂತ ನೋಟಿಸ್. ನೋಟಿಸ್ ಜೊತೆ ಬಂದ ಚಿತ್ರಗಳಲ್ಲೇ ಕಾರು ನಿಂತಿರುವುದು ಕಾಣುತ್ತಿತ್ತು. ಅಲ್ಲಿನ ಪತ್ರಿಕೆ ಅದನ್ನು 2012ರಲ್ಲಿ ಬಯಲು ಮಾಡಿತು, ಮರುವರ್ಷ ಊರಿನ ಕ್ಯಾಮೆರಾಗಳನ್ನೇ ನಿಲ್ಲಿಸಿದರು. ಸ್ಪೀಡಿನ ಅಂಕಿ ಒಂದನ್ನೇ ನಂಬಿ ನೋಟಿಸ್ ಕಳಿಸಿದ್ದರಿಂದ ಆದ ಎಡವಟ್ಟು ಅದು. ನಿಮ್ಮ ನೋಟಿಸಲ್ಲಿ ಎರಡು ಫೋಟೋ ಇದ್ದು, ನಡುವಿನ ಸಮಯವೂ ಇದ್ದರೆ ನೀವೇ ಲೆಕ್ಕ ಹಾಕಬಹುದು. ಅರ್ಧ ಸೆಕೆಂಡಿನಲ್ಲಿ 112ಕ್ಕೆ ಕಾರು ಸುಮಾರು 15.6 ಮೀಟರ್ ಮುಂದೆ ಹೋಗುತ್ತದೆ, 100ಕ್ಕೆ 13.9. ರಸ್ತೆ ಮೇಲಿನ ಬಿಳಿ ಪಟ್ಟಿ ಹಿಡಿದು ನೋಡಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಈಗ ನಿಮ್ಮ ಮೀಟರಿನ ವಿಷಯ. ನನಗೆ ಜಾಸ್ತಿ ಅನುಮಾನ ಇರುವುದು ಇಲ್ಲಿ. ಕಾರಿನ ಮೀಟರ್ ನಿಜವಾದ ಸ್ಪೀಡಿಗಿಂತ ಕಮ್ಮಿ ತೋರಿಸಬಾರದು ಅಂತ ನಿಯಮವೇ ಇದೆ, ಅದಕ್ಕೇ ಕಂಪನಿಯವರು ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತಾರೆ. ಮೀಟರಲ್ಲಿ 100 ಇದ್ದಾಗ ಮೊಬೈಲಿನ ಜಿಪಿಎಸ್‌ನಲ್ಲಿ 95–97 ಕಾಣುವುದು ಮಾಮೂಲು. ನಿಮ್ಮ ಕಥೆ ಉಲ್ಟಾ ಇದೆ, ಮೀಟರೇ 12 ಕಮ್ಮಿ. ಬಿಡದಿ ದಾಟಿದ ಮೇಲೆ ರಸ್ತೆ ಹೇಗಿದೆ ಅಂತ ನಿಮಗೂ ಗೊತ್ತು, ಹಾಡು ಹಾಕಿಕೊಂಡು ಮಾತಾಡುತ್ತಾ ಕೂತರೆ 100 ಯಾವಾಗ 110 ಆಯಿತು ಅಂತ ಗೊತ್ತೇ ಆಗುವುದಿಲ್ಲ, ಮೀಟರನ್ನು ನೀವು ನೋಡಿದ್ದು ಕಂಬದ ಕೆಳಗೇನಾ, ಅದಕ್ಕೆ ಎರಡು ಕಿಲೋಮೀಟರ್ ಹಿಂದೆಯಾ? ಬೇಜಾರು ಮಾಡ್ಕೋಬೇಡಿ, ನಾನೂ ಹಾಗೇ.

ಇಷ್ಟೆಲ್ಲ ನೋಡಿದ ಮೇಲೂ ಒಪ್ಪಿಗೆ ಆಗದಿದ್ದರೆ ಕೇಳುವ ಹಕ್ಕು ನಿಮಗಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಸೇರಿಸಿದ 167ಎ ಪ್ರಕಾರ ಈ ಯಂತ್ರಗಳಿಗೆ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು, ಮುಂದೆ ಕ್ಯಾಮೆರಾ ಇದೆ ಅಂತ ಬೋರ್ಡ್ ಹಾಕಿರಬೇಕು. 2025ರ ಜುಲೈಯಿಂದ ರಾಡಾರ್ ಸ್ಪೀಡ್ ಯಂತ್ರಗಳೂ ಕಾನೂನು ಮಾಪನಶಾಸ್ತ್ರದ ನಿಯಮಕ್ಕೆ ಬಂದಿವೆ. ಅಂದರೆ ದಿನಸಿ ಅಂಗಡಿಯ ತಕ್ಕಡಿಗೆ ಮುದ್ರೆ ಹಾಕುವ ಇಲಾಖೆಯೇ ಇದನ್ನೂ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. ತಕ್ಕಡಿಗೆ ಕೇಳುವ ಹಾಗೇ ಆ ಕಂಬದ ಪ್ರಮಾಣಪತ್ರದ ತಾರೀಖು ಕೇಳಿ, ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಡಿ. ಅರ್ಧ ದಂಡದ ರಿಯಾಯಿತಿ ಮತ್ತೆ ಬರಲಿ ಅಂತ ಕಾಯುತ್ತಾ ಕೂರಬೇಡಿ, ಅಷ್ಟರಲ್ಲಿ ಇನ್ನೆರಡು ನೋಟಿಸ್ ಬಂದಿರುತ್ತವೆ.

ಒಂದು ಮಾತ್ರ ಕೇಳಲೇಬೇಕು. ಕಾರಿಗೆ ದೊಡ್ಡ ಅಲಾಯ್ ವೀಲ್, ದಪ್ಪ ಟೈರ್ ಏನಾದರೂ ಹಾಕಿಸಿದ್ದೀರಾ? ಟೈರಿನ ಸುತ್ತಳತೆ ಜಾಸ್ತಿಯಾದರೆ ಮೀಟರ್ ಕಮ್ಮಿ ತೋರಿಸುತ್ತದೆ, ನಿಮ್ಮ ವ್ಯತ್ಯಾಸದಲ್ಲಿ ಒಂದಷ್ಟು ಅಲ್ಲೇ ಸಿಗಬಹುದು. ಡ್ರೈವರ್ ಬಾಗಿಲು ತೆಗೆದರೆ ಒಂದು ಸ್ಟಿಕ್ಕರ್ ಕಾಣುತ್ತದೆ, ಅದರಲ್ಲಿರುವ ಟೈರ್ ಸೈಜು ಮತ್ತು ಈಗ ಟೈರಿನ ಮೇಲೆ ಬರೆದಿರುವ ಸೈಜು ಎರಡನ್ನೂ ಕೆಳಗೆ ಹಾಕಿ, ಲೆಕ್ಕ ಮಾಡಿ ಹೇಳುತ್ತೇನೆ.