ಐದಕ್ಕೆ ಮೂರು ಅಂದರೆ ಪಾಸ್ ಅಲ್ಲ

ಕೆನಡಾದ ಕ್ಯಾಲ್ಗರಿಗೆ ಬಂದು ಮೂರು ತಿಂಗಳಾಯಿತು, ಆಫೀಸಿನವರು ಶನಿವಾರ ರಾಕೀಸ್ ಪರ್ವತಸಾಲಿನ ಕನನಾಸ್ಕಿಸ್ ಬೆಟ್ಟಗಳಿಗೆ ಸ್ನೋಶೂ (ಹಿಮದಲ್ಲಿ ಕಾಲು ಹೂಳದಂತೆ ಬೂಟಿಗೆ ಕಟ್ಟಿಕೊಳ್ಳುವ ಅಗಲ ಚೌಕಟ್ಟು) ನಡಿಗೆಗೆ ಕರೆದಿದ್ದಾರೆ, ಮುನ್ಸೂಚನೆಯಲ್ಲಿ ಹಿಮಕುಸಿತದ ಅಪಾಯ ಐದಕ್ಕೆ 3 ಅಂತ ಇದೆ, ಹೋಗಬಹುದಾ ಅಂತ ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ಹನ್ನೆರಡು ಚಳಿಗಾಲ ಕಳೆದಿದ್ದೇನೆ. ಮೊದಲ ವರ್ಷ ನಾನೂ ಆ 3ನ್ನು ಪರೀಕ್ಷೆಯ ಮಾರ್ಕ್ಸ್ ಥರಾನೇ ಓದಿದ್ದೆ.

ಅದು ಹಾಗಲ್ಲ. ಒಂದೊಂದು ಅಂಕಿ ಮೇಲೆ ಹೋದಾಗಲೂ ಅಪಾಯ ಹಲವು ಪಟ್ಟು ಏರುತ್ತದೆ. 3 ಅಂದರೆ ಹಿಮ ತಾನಾಗಿಯೂ ಜಾರಬಹುದು, ಮನುಷ್ಯ ಕಾಲಿಟ್ಟರಂತೂ ಜಾರುವ ಸಾಧ್ಯತೆ ಜಾಸ್ತಿ. 4, 5 ಇದ್ದ ದಿನ ಹೆಚ್ಚಿನವರು ಬೆಟ್ಟದ ಕಡೆ ಹೋಗುವುದಿಲ್ಲ. 3ರ ದಿನ ಎಷ್ಟೋ ಸಲ ಬಿಸಿಲಿರುತ್ತದೆ, ಹೊಸ ಹಿಮ ಬಿದ್ದಿರುತ್ತದೆ, ಎಲ್ಲರೂ ಹೊರಡುತ್ತಾರೆ. ಸಾವುಗಳು ಜಾಸ್ತಿ ಆಗುವುದೂ ಇಂಥ ದಿನಗಳಲ್ಲೇ.

2003ರ ಫೆಬ್ರವರಿ 1ರಂದು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜರ್ಸ್ ಪಾಸ್ ಎಂಬ ಬೆಟ್ಟದ ಕಣಿವೆದಾರಿಯ ಹತ್ತಿರ ಶಾಲೆಯ ಗುಂಪೊಂದು ಸ್ಕೀ ಹಾಕಿಕೊಂಡು ಹೊರಟಿತ್ತು, ಒಟ್ಟು 17 ಜನ. ಅವತ್ತೂ ಮೇಲಿನ ಎತ್ತರಗಳಲ್ಲಿ ಅಪಾಯ 3ನೇ ಮಟ್ಟದಲ್ಲೇ ಇತ್ತು. ಅವರು ಯಾವ ಶಿಖರವನ್ನೂ ಹತ್ತುತ್ತಿರಲಿಲ್ಲ, ಕಣಿವೆಯ ತಳದಲ್ಲಿ ಹೋಗುತ್ತಿದ್ದರು. ಹಿಮ ತುಂಬಾ ಮೇಲೆ ಬಿರುಕು ಬಿಟ್ಟು ಕೆಳಗಿಳಿಯಿತು. 7 ವಿದ್ಯಾರ್ಥಿಗಳು ತೀರಿಕೊಂಡರು. ಅದಕ್ಕೇ ಹೇಳುತ್ತೇನೆ: "ಸ್ನೋಶೂ ಅಂದ್ರೆ ಸುಮ್ನೆ ನಡಿಗೆ, ಏನೂ ಆಗಲ್ಲ" ಅನ್ನುವವರ ಮಾತು ನಂಬಬೇಡಿ. ನೀವು ನಿಂತ ಜಾಗ ಚಪ್ಪಟೆಯಾಗಿರಬಹುದು. ತಲೆಯ ಮೇಲೆ ಏನಿದೆ? 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಹಿಮ ಹೆಚ್ಚಾಗಿ ಜಾರುವುದು. ಕಾಡಿನ ನಡುವೆ ಮೇಲಿಂದ ಕೆಳಗೆ ಮರಗಳೇ ಇಲ್ಲದ ಬೋಳು ಪಟ್ಟಿ ಕಂಡರೆ, ಅದು ಹಿಮ ಇಳಿದುಬರುವ ದಾರಿ. ಅಲ್ಲಿ ಕೂತು ಊಟ ಮಾಡುವವರನ್ನು ನೋಡಿದ್ದೇನೆ, ಎದೆ ಝಲ್ಲೆನ್ನುತ್ತದೆ.

ರಾಕೀಸ್ ಹಿಮದ ಸ್ವಭಾವವೇ ಬೇರೆ. ಇಲ್ಲಿ ಪದರ ತೆಳು, ಚಳಿ ಜಾಸ್ತಿ, ಹಾಗಾಗಿ ತಳದ ಹಿಮ ಕಾಳುಕಾಳಾಗಿಬಿಡುತ್ತದೆ. ಮೊದಲ ಸಲ ಗುಂಡಿ ತೋಡಿ ತಳದಿಂದ ಒಂದು ಹಿಡಿ ತೆಗೆದಾಗ, ಒಂದು ಕಾಳಿಗೆ ಇನ್ನೊಂದು ಅಂಟದೆ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಯಿತು. ಅದರ ಮೇಲೆ ಗಟ್ಟಿ ಹಲಗೆಯಂಥ ಹಿಮ ಕೂತಿರುತ್ತದೆ. ಒಮ್ಮೆ ಒಂದು ಬಯಲಿನಲ್ಲಿ ನಡೆಯುವಾಗ ಕಾಲಡಿ "ಧುಮ್" ಅಂತ ಸದ್ದಾಗಿ ನೆಲವೇ ಕುಸಿದ ಹಾಗಾಯಿತು. ನನ್ನ ಸ್ನೋಶೂ ತುದಿಯಿಂದ ಒಂದು ಬಿರುಕು ಸರ್ರನೆ ಓಡಿತು. ಸಮತಟ್ಟಾದ ಜಾಗ, ಬದುಕಿದೆ. ಜೊತೆಗಿದ್ದ ಹಿರಿಯರು ಒಂದೂ ಮಾತಾಡದೆ ವಾಪಸ್ ತಿರುಗಿದರು, ನಾವೂ ತಿರುಗಿದೆವು. ಆ ಸದ್ದು ನಿಮಗೂ ಕೇಳಿಸಿದರೆ ದಯವಿಟ್ಟು ಅಲ್ಲಿಂದಲೇ ವಾಪಸ್ ಬನ್ನಿ.

ಸಾಮಾನಿನ ಬಗ್ಗೆ: ಟ್ರಾನ್ಸೀವರ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ. ಮೂರೂ ಬೇಕು, ಪ್ರತಿಯೊಬ್ಬರ ಹತ್ತಿರವೂ ಬೇಕು. ನಿಮ್ಮ ಟ್ರಾನ್ಸೀವರ್ ನಿಮ್ಮನ್ನು ಕಾಪಾಡುವುದಿಲ್ಲ, ನಿಮ್ಮನ್ನು ಹುಡುಕಬೇಕಾದವರು ಪಕ್ಕದವರು ಅಲ್ವಾ? ಹೂತುಹೋದವರು ಬದುಕುವ ಅವಕಾಶ ಮೊದಲ ಹತ್ತು ನಿಮಿಷ ದಾಟಿದ ಮೇಲೆ ಬೇಗ ಬೇಗ ಕುಗ್ಗುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ, ಅಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಫೋನನ್ನು ಟ್ರಾನ್ಸೀವರ್‌ನಿಂದ 20 ಸೆಂಟಿಮೀಟರಾದರೂ ದೂರ ಇಡಿ, ಇಲ್ಲದಿದ್ದರೆ ಸಂಕೇತ ಕೆಡುತ್ತದೆ. ಸಾಮಾನು ಕೊಳ್ಳುವ ಮೊದಲು ಎರಡು ದಿನದ ಎ.ಎಸ್.ಟಿ. 1 (ಅವಲಾಂಚ್ ಸ್ಕಿಲ್ಸ್ ಟ್ರೇನಿಂಗ್, ಅಂದರೆ ಹಿಮಕುಸಿತ ಸುರಕ್ಷತೆಯ ಮೊದಲ ಹಂತದ) ತರಬೇತಿ ಮಾಡಿ. ಇಲ್ಲಿ ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಅದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ.

ಈ ಶನಿವಾರಕ್ಕೆ ಹೀಗೆ ಮಾಡಿ. ಶುಕ್ರವಾರ ಸಂಜೆ ಹಿಮಕುಸಿತದ ಮುನ್ಸೂಚನೆ ಕೊಡುವ ಅವಲಾಂಚ್ ಕೆನಡಾ ಸಂಸ್ಥೆಯ ಜಾಲತಾಣದಲ್ಲಿ ಕನನಾಸ್ಕಿಸ್ ಮುನ್ಸೂಚನೆ ಪೂರ್ತಿ ಓದಿ. ಮರಗಳ ಸಾಲಿಗಿಂತ ಮೇಲೆ, ಮರಗಳ ಅಂಚು, ಅದರ ಕೆಳಗೆ, ಹೀಗೆ ಮೂರು ಎತ್ತರಕ್ಕೂ ಪ್ರತ್ಯೇಕವಾಗಿ ಅಂಕಿ ಕೊಟ್ಟಿರುತ್ತಾರೆ. ಆಮೇಲೆ ಕರೆದವರನ್ನು ಕೇಳಿ: ದಾರಿ ಯಾವುದಾದರೂ ಕಡಿದಾದ ಇಳಿಜಾರಿನ ಕೆಳಗೆ ಹಾದುಹೋಗುತ್ತದಾ? ಸರಿಯಾದ ಉತ್ತರ ಬರದಿದ್ದರೆ ಹೋಗಬೇಡಿ, ಸಂಕೋಚ ಬೇಡ. ದಾರಿಯ ಹೆಸರು ನನಗೂ ತಿಳಿಸಿ, ನಕ್ಷೆ ತೆಗೆದು ಇಬ್ಬರೂ ಕೂತು ನೋಡೋಣ.