ಗ್ರಿಪ್ ಮೊದಲು, ಗತ್ತು ಆಮೇಲೆ: ಸ್ಪೋರ್ಟ್ಸ್ ಕಾರಿನ ಟೈರು, ಬ್ರೇಕು, ಆಯಿಲ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಾರಿನ ಜೊತೆ ಬಂದದ್ದು 205/55 ಆರ್16 ಟೈರು. 18 ಇಂಚಿನ ರಿಮ್ ಹಾಕಿಸುವ ಆಸೆ. ಟೈರಿನ ಅಂಗಡಿಯವರು 225/40 ಆರ್18 ಸರಿಹೊಂದುತ್ತದೆ ಅನ್ನುತ್ತಾರೆ. ಹಾಕಿಸಬಹುದೇ? ಎಂಥ ಟೈರು ಆರಿಸಲಿ?

ಉತ್ತರ: ಅವರು ಹೇಳಿದ ಸೈಜಿನಲ್ಲಿ ತಪ್ಪಿಲ್ಲ. ಹೇಳದೆ ಬಿಟ್ಟದ್ದರಲ್ಲಿ ಇದೆ.

ಮೊದಲು ಲೆಕ್ಕ. 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 55 ಅಂದರೆ ಆ ಅಗಲದ ಶೇ 55ರಷ್ಟು ಸೈಡ್‌ವಾಲ್ ಎತ್ತರ, ಹತ್ತಿರಹತ್ತಿರ 113 ಮಿ.ಮೀ. 16 ಇಂಚಿನ ರಿಮ್ ಅಂದರೆ 406 ಮಿ.ಮೀ. ಅದಕ್ಕೆ ಮೇಲೊಂದು ಕೆಳಗೊಂದು ಸೈಡ್‌ವಾಲ್ ಕೂಡಿಸಿದರೆ ಒಟ್ಟು ವ್ಯಾಸ 632. ಇದೇ ಲೆಕ್ಕದಲ್ಲಿ 225/40 ಆರ್18ರ ವ್ಯಾಸ 637. ವ್ಯತ್ಯಾಸ ಶೇ 1ಕ್ಕೂ ಕಡಿಮೆ, ಸ್ಪೀಡೋಮೀಟರಿಗಾಗಲಿ ಎಬಿಎಸ್‌ಗಾಗಲಿ ಅದು ಲೆಕ್ಕಕ್ಕಿಲ್ಲ.

ಈಗ ಸೈಜಿನ ಪಕ್ಕದಲ್ಲಿರುವ ಸಣ್ಣ ಅಕ್ಷರ ನೋಡಿ. ನಿಮ್ಮ ಹಳೆಯ ಟೈರಿನ ಮೇಲೆ 91 ವಿ ಅಂತ ಇರುವ ಸಾಧ್ಯತೆ ಹೆಚ್ಚು. 91 ಲೋಡ್ ಸೂಚ್ಯಂಕ: ಒಂದೊಂದು ಟೈರು 615 ಕೆ.ಜಿ. ಹೊರಬಲ್ಲದು. ವಿ ಅಂದರೆ ಗಂಟೆಗೆ 240 ಕಿ.ಮೀ.ವರೆಗೆ ತಾಳುತ್ತದೆ. (ಎಚ್ 210, ಡಬ್ಲ್ಯೂ 270, ವೈ 300.) 225/40 ಆರ್18ರ ಸಾಮಾನ್ಯ ಟೈರಿನ ಸೂಚ್ಯಂಕ 88, ಅಂದರೆ 560 ಕೆ.ಜಿ. ಟೈರು ಅಗಲವಾಯಿತು, ಹೊರುವ ತಾಕತ್ತು 55 ಕೆ.ಜಿ. ಇಳಿಯಿತು! ಭಾರ ಹೊರುವುದು ಒಳಗಿನ ಗಾಳಿ. ಸೈಡ್‌ವಾಲ್ ಕುಳ್ಳಗಾದಷ್ಟೂ ಗಾಳಿಗೆ ಜಾಗ ಕಡಿಮೆ. ಹಾಗಾಗಿ ಈ ಸೈಜಿನಲ್ಲಿ ನೀವು ಕೇಳಬೇಕಾದ್ದು ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಗುರುತಿನ, 92 ಸೂಚ್ಯಂಕದ ಟೈರು, ಅದರ ಮಿತಿ 630 ಕೆ.ಜಿ. ಎಕ್ಸ್‌ಎಲ್ ಟೈರು ತನ್ನ ಭಾರವನ್ನು ಹೊರುವುದು ಹೆಚ್ಚು ಒತ್ತಡದಲ್ಲಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವುದಕ್ಕಿಂತ 2–3 ಪಿಎಸ್‌ಐ ಜಾಸ್ತಿ ಬೇಕಾಗಬಹುದು. ಟೈರು ಕಂಪನಿಯ ಲೋಡ್ ಪಟ್ಟಿ ತೋರಿಸಿ ಅಂತ ಅಂಗಡಿಯವರನ್ನೇ ಕೇಳಿ.

ನಮ್ಮ ಸಲಹೆ ಕೇಳಿದರೆ 17 ಇಂಚಿಗೆ ನಿಲ್ಲಿಸಿ. 225/45 ಆರ್17ರ ವ್ಯಾಸ 634 ಮಿ.ಮೀ., ಮಾಮೂಲಿ ಟೈರಿನಲ್ಲೇ ಸೂಚ್ಯಂಕ 91, ಸೈಡ್‌ವಾಲ್ 101 ಮಿ.ಮೀ. 18ರಲ್ಲಿ ಉಳಿಯುವುದು 90. ಗುಂಡಿಗೆ ಇಳಿದಾಗ ರಿಮ್ ಬಾಗುವುದಕ್ಕೂ ಸೈಡ್‌ವಾಲಿನ ಒಳಗಿನ ದಾರ ಕಡಿದು ಗುಳ್ಳೆ ಏಳುವುದಕ್ಕೂ ಆ ಹನ್ನೊಂದು ಮಿ.ಮೀ. ಸಾಕು. ರಿಮ್ಮಿನ ತೂಕವನ್ನೂ ವಿಚಾರಿಸಿ. ಹಳೆಯದಕ್ಕಿಂತ ಭಾರದ ರಿಮ್ ಹಾಕಿದರೆ ಸಸ್ಪೆನ್ಷನ್ನಿಗೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದು ಕಷ್ಟ. ನೋಟಕ್ಕೆ ಗತ್ತು ಬರುತ್ತದೆ, ಹದಗೆಟ್ಟ ತಿರುವಿನಲ್ಲಿ ಗ್ರಿಪ್ ಹೋಗುತ್ತದೆ. ರಿಮ್ಮಿನ ಅಗಲ 7ರಿಂದ 8.5 ಇಂಚಿನೊಳಗಿರಲಿ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರ) ಹಳೆಯದಕ್ಕೆ ಹತ್ತಿರವಿರಲಿ. ನಡುವಿನ ತೂತು ಹಬ್‌ಗಿಂತ ದೊಡ್ಡದಾಗಿದ್ದರೆ ಹಬ್ ರಿಂಗ್ ಹಾಕಿಸಿ. ಇಲ್ಲವಾದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೀರಿಂಗ್ ನಡುಗುವುದು ನಿಲ್ಲುವುದಿಲ್ಲ.

ಇನ್ನು ಯಾವ ಬಗೆ. ದಿನವೂ ಓಡಿಸುವ ಕಾರಿಗೆ ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಸಮ್ಮರ್ ಟೈರು ಒಳ್ಳೆಯ ಆಯ್ಕೆ. ಸಮ್ಮರ್ ಅಂದಾಕ್ಷಣ ಮಳೆಗಾಗದು ಎಂದುಕೊಳ್ಳಬೇಡಿ, ಒದ್ದೆ ರಸ್ತೆಯಲ್ಲಿ ಅದರ ಹಿಡಿತ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಆಗದಿರುವುದು ಚಳಿ: 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರಬ್ಬರ್ ಬಿರುಸಾಗುತ್ತದೆ. ಚಳಿಗಾಲ ಅಷ್ಟು ಕೊರೆಯುವಂತಿದ್ದರೆ ಆಗ ಬೇರೆ ಟೈರು ಬೇಕು. ಟ್ರ್ಯಾಕ್‌ಗೆಂದೇ ಮಾಡಿದ, ಗೆರೆ ಕಮ್ಮಿಯಿರುವ ಮೆತ್ತನೆ ಟೈರು ಒಣ ರಸ್ತೆಯಲ್ಲಿ ಅಂಟಿಕೊಂಡು ಓಡುತ್ತದೆ, ನಿಂತ ನೀರು ಕಂಡರೆ ತೇಲುತ್ತದೆ. ಸೈಡ್‌ವಾಲಿನ ಮೇಲೆ ಟ್ರೆಡ್‌ವೇರ್ 200, 300 ಎಂಬ ಅಂಕಿ ಇದ್ದರೆ ಸಣ್ಣ ಅಂಕಿಯದು ಬೇಗ ಸವೆಯುವಂಥದ್ದು ಎಂದು ಲೆಕ್ಕ. ಈ ಅಂಕಿ ಕೊಡುವವರು ತಯಾರಕರೇ ಆದ್ದರಿಂದ ಒಂದೇ ಕಂಪನಿಯ ಟೈರುಗಳ ನಡುವೆ ಹೋಲಿಸಿ, ಬೇರೆ ಬೇರೆ ಕಂಪನಿಗಳ ನಡುವೆ ಬೇಡ. ಯುರೋಪಿನ ಲೇಬಲ್ ಅಂಟಿಸಿದ್ದರೆ ವೆಟ್ ಗ್ರಿಪ್‌ನ ಎ ಅಥವಾ ಬಿ ದರ್ಜೆ ಹುಡುಕಿ. 2021ರಿಂದ ಆ ಪಟ್ಟಿ ‘ಎ’ಯಿಂದ ‘ಇ’ವರೆಗೆ ಐದೇ ದರ್ಜೆಯದು.

ಹಾಕಿಸಿದ ಮೇಲೆ ಮೊದಲ ಮುನ್ನೂರು ಕಿ.ಮೀ. ನಿಧಾನ. ಅಚ್ಚಿನಿಂದ ಟೈರು ಬಿಡಿಸಲು ಬಳಸಿದ ಜಿಡ್ಡು ಮೈಮೇಲೆ ಉಳಿದಿರುತ್ತದೆ, ಅದು ಉಜ್ಜಿಹೋಗುವವರೆಗೆ ಹೊಸ ಟೈರೇ ಜಾರುತ್ತದೆ. ಚಕ್ರದ ನಟ್‌ಗಳನ್ನು ಗಾಳಿ ಗನ್ನಿನಿಂದ ಕೊನೆಯವರೆಗೂ ಬಿಗಿಯಲು ಬಿಡಬೇಡಿ. ಟಾರ್ಕ್ ರೆಂಚ್ ಬಳಸಿ, ನಕ್ಷತ್ರದ ಆಕಾರದಲ್ಲಿ, ಎದುರುಬದಿರಾಗಿ ಬಿಗಿಯಲಿ. ಹೆಚ್ಚಿನ ಕಾರುಗಳಿಗೆ 100ರಿಂದ 140 ನ್ಯೂಟನ್ ಮೀಟರ್, ನಿಮ್ಮ ಕಾರಿನದು ಮ್ಯಾನ್ಯುಯಲ್‌ನಲ್ಲಿದೆ. ಎಳೆಗೆ ಎಣ್ಣೆ ಸವರಬಾರದು. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಪ್ರಶ್ನೆ: ಲೋವರಿಂಗ್ ಸ್ಪ್ರಿಂಗ್ ಹಾಕಿಸಿ ಎಂಟು ತಿಂಗಳಾಯಿತು. ಮುಂದಿನ ಎರಡೂ ಟೈರಿನ ಒಳಅಂಚು ಬೋಳಾಗಿದೆ, ಹೊರಗಿನಿಂದ ನೋಡಿದರೆ ಹೊಸದರಂತೆ ಕಾಣುತ್ತದೆ. ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಜಾಸ್ತಿಯಾಗಿದೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಕ್ಯಾಂಬರ್ ಬೋಲ್ಟ್ ಹಾಕಿಸಲೇ?

ಉತ್ತರ: ಬೋಲ್ಟಿಗೆ ಮೊದಲು ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಗಾಡಿ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿಯಿರಿ. ತಣ್ಣಗಾದ ಟೈರಿನ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಗೆ ಸವರಿ, ಆಮೇಲೆ ಒಳಗಿನಿಂದ ಹೊರಗೆ. ಎಲ್ಲಾದರೂ ತಂತಿ ಹೊರಬಂದಿದ್ದರೆ ಕೈಗೆ ಚುಚ್ಚುತ್ತದೆ, ಜೋಪಾನ. ಎರಡೂ ಕಡೆಗೆ ನುಣ್ಣಗಿದ್ದು ಒಳಗಡೆ ಮಾತ್ರ ತಗ್ಗಾಗಿದ್ದರೆ ಕ್ಯಾಂಬರಿನ ಸವೆತ. ಒಂದು ಕಡೆಗೆ ಸವರಿದಾಗ ನುಣುಪು, ವಾಪಸು ಬರುವಾಗ ಗರಗಸದ ಹಲ್ಲಿನ ಹಾಗೆ ತಡೆಯುತ್ತದೆ ಅಂತಾದರೆ ಅಪರಾಧಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು.

ಎಂಟು ತಿಂಗಳಲ್ಲಿ ಬೋಳಾಗಿದೆ ಎಂದರೆ ನಮ್ಮ ಅನುಮಾನ ಟೋ ಮೇಲೆಯೇ. ಒಂದೂವರೆ ಡಿಗ್ರಿಯಷ್ಟು ನೆಗೆಟಿವ್ ಕ್ಯಾಂಬರ್ ಒಂದೇ ಇದ್ದರೆ ಟೈರು ಇಷ್ಟು ಬೇಗ ಹೋಗುವುದಿಲ್ಲ. ಟೋ ತಪ್ಪಿದ ಚಕ್ರ ನೆಟ್ಟಗೆ ಉರುಳದೆ ಪ್ರತಿ ಮೀಟರಿಗೂ ಸ್ವಲ್ಪ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಕಾರು ತಗ್ಗಿದಾಗ ಕ್ಯಾಂಬರ್, ಟೋ ಎರಡೂ ಒಟ್ಟಿಗೆ ಬದಲಾಗುತ್ತವೆ. ಕ್ಯಾಂಬರಿನಿಂದ ಭಾರ ಒಳಅಂಚಿಗೆ ಬಿತ್ತು, ಟೋ ಅದನ್ನು ಉಜ್ಜಿತು.

ಅಲೈನ್‌ಮೆಂಟಿಗೆ ಹೋಗುವ ಮೊದಲು ಕಂಟ್ರೋಲ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ತುದಿ ನೋಡಿಸಿ. ಸಡಿಲ ಬುಷ್ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಮೆಷಿನ್ನಿನ ಪರದೆಯ ಮೇಲೆ ಹಸಿರು ತೋರಿಸುತ್ತದೆ, ಮೊದಲ ಬ್ರೇಕಿಗೇ ಕದಲುತ್ತದೆ. ಇನ್ನೊಂದು ಸಂಗತಿ ಬಹಳ ಕಡೆ ತಪ್ಪುತ್ತದೆ. ಕಾರನ್ನು ಲಿಫ್ಟಿನಲ್ಲಿ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ಆರ್ಮಿನ ಬುಷ್ ಬೋಲ್ಟ್ ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದ ತಕ್ಷಣ ಬುಷ್‌ನ ರಬ್ಬರ್ ತಿರುಚಿಕೊಂಡು ಸದಾ ಹಾಗೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಆ ಬೋಲ್ಟ್‌ಗಳ ಕೊನೆಯ ಬಿಗಿ ಕಾರು ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಆಗಬೇಕು. ಆಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್: ಹಿಂದಿನದು ಮೊದಲು, ಮುಂದಿನದು ನಂತರ. ಮೊದಲಿನ ಮತ್ತು ನಂತರದ ಅಂಕಿಗಳ ಚೀಟಿ ತೆಗೆದುಕೊಳ್ಳಿ. ಟೋ ಸರಿಯಾದ ಮೇಲೂ ಕ್ಯಾಂಬರ್ ಕಂಪನಿಯ ಮಿತಿಗಿಂತ ಹೊರಗಿದ್ದರೆ, ಅಥವಾ ಎಡಬಲಗಳಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ, ಆಗ ಬೋಲ್ಟಿನ ಮಾತು. ಬೋಳಾದ ಟೈರುಗಳನ್ನು ಮಾತ್ರ ಇವತ್ತೇ ಬಿಚ್ಚಿಸಿ.

ಪ್ರಶ್ನೆ: ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಹೋಯಿತು. ಪ್ಯಾಡ್ ಹೊಸದು. ಏನಾಗಿರಬಹುದು?

ಉತ್ತರ: ಬ್ರೇಕ್ ಆಯಿಲ್ ಕುದಿದಿದೆ. ಪ್ಯಾಡ್ ಬಿಸಿಯಾಗಿ ಕೈಕೊಟ್ಟಿದ್ದರೆ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲುತ್ತಿರಲಿಲ್ಲ. ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು ಅಂದರೆ ಪೈಪಿನಲ್ಲಿ ಆವಿಯ ಗುಳ್ಳೆ ಎದ್ದಿದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ನಿಮ್ಮ ಕಾಲಿನ ಬಲ ಅಲ್ಲೇ ಮುಗಿಯುತ್ತದೆ.

ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿತೆಂದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ಡಾಟ್ 4ರ ಜಾಗಕ್ಕೆ 5.1 ಬಳಸಲು ನಿಮ್ಮ ಕಾರಿನ ಮ್ಯಾನ್ಯುಯಲ್ ಒಪ್ಪಿದರೆ ಧಾರಾಳವಾಗಿ ಹಾಕಿಸಿ. ಡಾಟ್ 5 ಬರೀ ಹೆಸರಿನಲ್ಲಿ ನೆಂಟ. ಅದು ಸಿಲಿಕೋನ್, ಇವುಗಳ ಜೊತೆ ಬೆರೆಸಲೇಬಾರದು.

ಪೂರ್ತಿ ಬದಲಾಯಿಸಲು ಒಂದು ಲೀಟರ್ ಸಾಕು. ಸೀಲ್ ಒಡೆಯದ ಡಬ್ಬಿಯೇ ಆಗಬೇಕು. ಕಪಾಟಿನಲ್ಲಿ ಅರ್ಧ ಉಳಿದಿರುವ ಹೋದ ವರ್ಷದ ಡಬ್ಬಿ ಆಗಲೇ ನೀರು ಕುಡಿದಿದೆ. ನಾಲ್ಕೂ ಕ್ಯಾಲಿಪರಿನಿಂದ ಹಳೆಯದು ಹೋಗಿ ತಿಳಿಯಾದ ಹೊಸದು ಬರುವ ತನಕ ಬ್ಲೀಡ್ ಮಾಡಬೇಕು, ನಡುವೆ ಮೇಲಿನ ತೊಟ್ಟಿ ಖಾಲಿಯಾಗಿ ಗಾಳಿ ಎಳೆಯಬಾರದು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿದು ತೊಳೆಯಿರಿ, ಪೇಂಟ್ ತಿಂದುಹಾಕುತ್ತದೆ. ಮಾಮೂಲಿ ಓಡಾಟಕ್ಕೆ ಎರಡು ವರ್ಷಕ್ಕೊಮ್ಮೆ, ಘಾಟಿ ಅಥವಾ ಟ್ರ್ಯಾಕ್ ಹೆಚ್ಚಿದ್ದರೆ ವರ್ಷಕ್ಕೊಮ್ಮೆ.

ಇಳಿಜಾರಿನಲ್ಲಿ ಕಾಲನ್ನು ಪೆಡಲ್ ಮೇಲೆ ಹಗುರಾಗಿ ಇಟ್ಟುಕೊಂಡೇ ಇರುವುದು ಕೆಟ್ಟ ಅಭ್ಯಾಸ. ಕೆಳಗಿನ ಗೇರಿಗೆ ಬನ್ನಿ, ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಡಿ. ಕೆಳಗೆ ತಲುಪಿ ನಿಂತಾಗ ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಹಿಡಿದರೆ ಪ್ಯಾಡಿನ ಪದರ ಅಲ್ಲಿಗೇ ಅಂಟುತ್ತದೆ, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ನಡುಕ. ಡಿಸ್ಕ್ ಬಾಗಿದೆ ಅಂತ ಜನ ಬದಲಾಯಿಸುವ ಎಷ್ಟೋ ಡಿಸ್ಕುಗಳ ರೋಗ ಇದು.

ಪ್ರಶ್ನೆ: ಫ್ರಂಟ್ ವೀಲ್ ಡ್ರೈವ್ ಕಾರು. ಸದ್ಯಕ್ಕೆ ಎರಡೇ ಹೊಸ ಟೈರು. ಮುಂದೆ ಹಾಕಲೋ ಹಿಂದೆಯೋ?

ಉತ್ತರ: ಹಿಂದೆ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿದ ಮೇಲೇ ಗೊತ್ತಾಗುವುದು. ಆಲ್ ವೀಲ್ ಡ್ರೈವ್ ಆಗಿದ್ದರೆ ಎರಡು ಕೊಳ್ಳುವ ಯೋಚನೆಯನ್ನೇ ಬಿಡಿ. ಹಿಂದು ಮುಂದಿನ ಟ್ರೆಡ್‌ನಲ್ಲಿ 2–3 ಮಿ.ಮೀ. ಅಂತರವಿದ್ದರೂ ನಡುವಿನ ಕಪ್ಲಿಂಗ್ ಬಿಡುವಿಲ್ಲದೆ ಜಾರಿ ಬಿಸಿಯಾಗುತ್ತದೆ.

ಪ್ರಶ್ನೆ: ಟರ್ಬೊ ಎಂಜಿನ್‌ಗೆ 10,000 ಕಿ.ಮೀ.ಗೆ ಆಯಿಲ್ ಬದಲಾಯಿಸಿದರೆ ಸಾಕೇ? ನಿಲ್ಲಿಸುವ ಮೊದಲು ಎರಡು ನಿಮಿಷ ಐಡಲ್‌ನಲ್ಲಿ ಬಿಡಬೇಕೇ?

ಉತ್ತರ: ಹೆದ್ದಾರಿಯಲ್ಲಿ ಹದವಾಗಿ ಓಡುವ ಕಾರಿಗೆ ಸಾಕು. ಎಂಜಿನ್ನನ್ನು ಕೆಂಪುಗೆರೆ ಮುಟ್ಟಿಸುವವರು, ದಿನವೂ ಐದೇ ಕಿ.ಮೀ. ಓಡಿಸುವವರು 5,000ದಿಂದ 7,500ಕ್ಕೆ ಬದಲಾಯಿಸಲಿ. ಚಿಕ್ಕ ಓಡಾಟ ನಿರಪಾಯ ಅಂತ ಅನ್ನಿಸುತ್ತದೆ. ಆದರೆ ಆಯಿಲ್ ಪೂರ್ತಿ ಕಾಯದೆ ಅದರಲ್ಲಿ ಸೇರಿದ ಪೆಟ್ರೋಲ್ ಹಾರಿಹೋಗುವುದಿಲ್ಲ, ಆಯಿಲ್ ತೆಳುವಾಗುತ್ತದೆ. ಮ್ಯಾನ್ಯುಯಲ್ ಹೇಳಿದ ಗ್ರೇಡ್ ಮತ್ತು ಅನುಮೋದನೆಯದನ್ನೇ ಕೊಳ್ಳಿ. ಅದು ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆ ಕೇಳಿದರೆ ಎಸ್‌ಪಿ ಇರಲಿ. 2020ರಲ್ಲಿ ಬಂದ ಈ ದರ್ಜೆ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ವೇಗಕ್ಕೆ ಮಿಶ್ರಣ ಹೊತ್ತಿಗೆ ಮುಂಚೆಯೇ ಉರಿದುಬಿಡುವ ತೊಂದರೆಯನ್ನು ಲೆಕ್ಕಕ್ಕಿಟ್ಟುಕೊಂಡದ್ದು. ನೀವೂ ಐದನೇ ಗೇರಿನಲ್ಲಿ 1,500 ಆರ್‌ಪಿಎಂಗೆ ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ, ಗೇರ್ ಇಳಿಸಿ.

ನೀರಿನ ಉಷ್ಣತೆಯ ಮುಳ್ಳು ನಡುವಿಗೆ ಬಂದರೂ ಆಯಿಲ್ ಕಾದಿರುವುದಿಲ್ಲ, ಇನ್ನೂ ಐದಾರು ನಿಮಿಷ ಸಮಾಧಾನವಾಗಿ ಓಡಿಸಿ. ಐಡಲ್‌ನಲ್ಲಿ ಬಿಡುವ ಬದಲು ಕೊನೆಯ ಒಂದೆರಡು ಕಿ.ಮೀ. ಮೆಲ್ಲಗೆ ಬಂದರೆ ಟರ್ಬೊಗೆ ಅದೇ ಲೇಸು, ಗಾಳಿಯೂ ಸಿಗುತ್ತದೆ. ಜೋರಾಗಿ ಓಡಿಸಿ ತಟಕ್ಕನೆ ನಿಲ್ಲಿಸಬೇಕಾಗಿ ಬಂದರೆ ಮಾತ್ರ ಒಂದು ನಿಮಿಷ ಬಿಡಿ.

ಪ್ರಶ್ನೆ: ವಾರಕ್ಕೊಮ್ಮೆ ತೆಗೆಯುವ ಕಾರು. ಟೈರಿನಲ್ಲಿ 5 ಮಿ.ಮೀ. ಗೆರೆ ಇದೆ, ಆದರೂ ಮಳೆಯಲ್ಲಿ ಜಾರುತ್ತದೆ. ನೈಟ್ರೋಜನ್ ತುಂಬಿಸಿದರೆ ಸರಿಹೋದೀತೇ?

ಉತ್ತರ: ಇಲ್ಲ. ಸಾದಾ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಟೈರಿನ ವಯಸ್ಸು ನೋಡಿ. ಸೈಡ್‌ವಾಲಿನಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ: 2318 ಎಂದಿದ್ದರೆ 2018ರ 23ನೇ ವಾರ. ಈ ನಾಲ್ಕಂಕಿ ಒಂದು ಬದಿಯಲ್ಲಿ ಮಾತ್ರ ಇರುವುದುಂಟು, ಹೊರಗೆ ಕಾಣದಿದ್ದರೆ ಒಳಬದಿ ಹುಡುಕಿ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಗೆರೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ರಬ್ಬರ್ ಹೊಳಪು ಹೊಡೆದು ಉಗುರಿಗೆ ಕಲ್ಲಿನಂತೆ ಸಿಕ್ಕಿದರೆ, ಗೆರೆ ಎಷ್ಟೇ ಉಳಿದಿರಲಿ ಬದಲಾಯಿಸಿ. ಹೊಸದನ್ನೂ ಸವೆತದ ಗುರುತು ಇರುವ 1.6 ಮಿ.ಮೀ.ವರೆಗೆ ಸವೆಸಲು ಹೋಗಬೇಡಿ, ಅಗಲ ಟೈರಿಗೆ ಮಳೆಯಲ್ಲಿ 3 ಮಿ.ಮೀ. ಬೇಕು.

ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲು ಪರೀಕ್ಷಿಸಿ. ಹವೆ 6 ಡಿಗ್ರಿ ತಣ್ಣಗಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಓಡಿ ಬಂದಾಗ 4 ಪಿಎಸ್‌ಐ ಏರಿದ್ದು ಸಹಜ, ಅದನ್ನು ಬಿಡಿಸಬೇಡಿ.