ಬಿಲ್ ಮೊತ್ತ ಗುಂಪಾಗದಿದ್ದರೆ

ಪ್ರಶ್ನೆ: ನಮ್ಮದು ದಿನಸಿ ಅಂಗಡಿ. ಎಕ್ಸೆಲ್ ಪಿವೋಟ್ ಟೇಬಲ್‌ನಲ್ಲಿ (ದೊಡ್ಡ ಪಟ್ಟಿಯನ್ನು ಗುಂಪು ಮಾಡಿ ಸಾರಾಂಶ ತೋರಿಸುವ ಕೋಷ್ಟಕ) ಬಿಲ್ ಮೊತ್ತಗಳನ್ನು 500 ರೂಪಾಯಿ ಅಂತರದಲ್ಲಿ ವಿಂಗಡಿಸಲು ಹೋದರೆ ಗ್ರೂಪ್ ಮಾಡಲಾಗದು ಎನ್ನುತ್ತದೆ. ಏಕೆ?
– ಓದುಗರು, ಬದಿಯಡ್ಕ, ಕಾಸರಗೋಡು

ಉತ್ತರ: ಮೊತ್ತದ ಕಾಲಂನಲ್ಲಿ ಎಲ್ಲೋ ಅಕ್ಷರ ಸೇರಿಕೊಂಡಿರಬೇಕು. ‘ರೂ. 450’, ‘450/-’ ಎಂದು ಟೈಪ್ ಮಾಡಿದ್ದರೆ ಎಕ್ಸೆಲ್‌ಗೆ ಅದು ಸಂಖ್ಯೆಯೇ ಅಲ್ಲ. ಅಂಥವು ಸಾಮಾನ್ಯವಾಗಿ ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ, ಹುಡುಕುವುದು ಸುಲಭ. ‘ರೂ.’, ‘/-’ ಎರಡನ್ನೂ ರಿಪ್ಲೇಸ್‌ನಿಂದ ಅಳಿಸಿ, ಪಿವೋಟ್ ರಿಫ್ರೆಶ್ ಮಾಡಿ.

ಮೊತ್ತವನ್ನು ಪಿವೋಟ್‌ನ ರೋಸ್ (Rows) ಭಾಗಕ್ಕೆ ಎಳೆದು, ಯಾವುದಾದರೊಂದು ಮೊತ್ತದ ಮೇಲೆ ರೈಟ್ ಕ್ಲಿಕ್ ಮಾಡಿ ಗ್ರೂಪ್ ಒತ್ತಿ. ಸ್ಟಾರ್ಟಿಂಗ್ ಅಟ್‌ನಲ್ಲಿ 0, ಬೈ (By) ಎಂಬಲ್ಲಿ 500 ಕೊಡಿ. ಹಾಗೇ ಬಿಟ್ಟರೆ ಅತಿ ಚಿಕ್ಕ ಬಿಲ್‌ನಿಂದ ಎಣಿಕೆ ಶುರುವಾಗಿ 37–536 ಎಂಬಂಥ ಸೊಟ್ಟ ಗುಂಪುಗಳು ಬರುತ್ತವೆ. ಪ್ರತಿ ಗುಂಪಿನಲ್ಲಿ ಎಷ್ಟು ಬಿಲ್ ಎಂದು ತಿಳಿಯಲು ವ್ಯಾಲ್ಯೂಸ್‌ಗೆ ಬಿಲ್ ನಂಬರ್ ಹಾಕಿ ಕೌಂಟ್ ಆರಿಸಿ. ಸಮ್ ಇದ್ದರೆ ನಂಬರುಗಳನ್ನೇ ಕೂಡಿಸಿಟ್ಟೀತು! ಸರಿಯಾಗಿ 500ರ ಬಿಲ್ ಎರಡನೆಯ ಗುಂಪಿಗೆ ಸೇರುತ್ತದೆ.